ವೈಮಾನಿಕ ಮಸೂರಗಳಿಗೆ ಷಟರ್ ಜೋಡಣೆ

ನೆಲದ ಸಮೀಕ್ಷೆಗೂ ಶತ್ರುನೆಲೆಗಳ ಪತ್ತೆಗೂ ವಿಮಾನದಿಂದ ಚಿತ್ರ ತೆಗೆಯಲೆಂದು ತಯಾರಾದ ಹಳೆಯ ಮಸೂರಗಳನ್ನು ಮೂಲ ಕ್ಯಾಮೆರಾದಿಂದ ಬಿಡಿಸಿ, ಬೇರೊಂದು ಷಟರಿಗೆ ಕೂಡಿಸಿ, 4×5 ಅಂಗುಲ ಅಥವಾ ಅದಕ್ಕೂ ದೊಡ್ಡ ಫಿಲ್ಮಿನ ಸ್ಟ್ಯಾಂಡ್ ಕ್ಯಾಮೆರಾದಲ್ಲಿ ಬಳಸುವ ಕಸುಬು. ಎರಡನೆಯ ಮಹಾಯುದ್ಧ ಮುಗಿದು ಸೇನೆಗಳ ಹೆಚ್ಚುವರಿ ಸಾಮಾನು ಬಜಾರಿಗೆ ಬಂದಾಗಿನಿಂದ ಅಮೆರಿಕ, ಬ್ರಿಟನ್ನುಗಳ ಹವ್ಯಾಸಿಗಳ ನಡುವೆ ಇದು ಬೆಳೆಯಿತು. ಈ ಮಸೂರಗಳ ಗಾಜು ಉತ್ತಮ, ಬಹುಕಾಲ ಬೆಲೆಯೂ ಕಡಿಮೆಯೇ ಇತ್ತು, ಆದರೆ ಷಟರ್ ಇರಲಿಲ್ಲ. ಇದ್ದರೂ ನೆಲದ ಮೇಲೆ ಕೆಲಸಕ್ಕೆ ಬರುವಂಥದ್ದಲ್ಲ. ಆ ಕೊರತೆ ತುಂಬುವುದೇ ಇಲ್ಲಿನ ವಿಷಯ. ಇದರಲ್ಲಿ ಕಾಲು ಪಾಲು ದೃಗ್ವಿಜ್ಞಾನವಾದರೆ ಮುಕ್ಕಾಲು ಪಾಲು ಲೇತ್ ಕೆಲಸ. ಮಸೂರದ ಹೆಸರು, ಅದರ ಕೀರ್ತಿ ಏನೇ ಇರಲಿ, ಅದು ವಿಮಾನದಲ್ಲಿದ್ದಾಗ ಷಟರ್ ಎಲ್ಲಿತ್ತು ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಂದಿನ ಕೆಲಸ ಎಷ್ಟು, ಖರ್ಚು ಎಷ್ಟು ಎಂಬುದು ಹೆಚ್ಚುಕಡಿಮೆ ತಿಳಿದಂತೆಯೇ.

ವಿಮಾನದಲ್ಲಿ ಷಟರ್ ಇದ್ದ ಜಾಗ

ಬ್ರಿಟಿಷ್ ವಾಯುಪಡೆ 1920ರ ದಶಕದ ನಡುವಿನಿಂದ ಯುದ್ಧಾನಂತರದವರೆಗೂ ಬಳಸಿದ ಎಫ್-24 ಕ್ಯಾಮೆರಾ 5×5 ಅಂಗುಲದ ಚಿತ್ರ ಕೊಡುತ್ತಿತ್ತು. ಇದರ ಷಟರ್ ಮಸೂರದಲ್ಲಿ ಇರಲಿಲ್ಲ. ಫಿಲ್ಮಿನ ಮುಂದೆಯೇ ಸೀಳಿರುವ ಬಟ್ಟೆಯ ಪರದೆ ಸರ್ರನೆ ಓಡಿ ಬೆಳಕು ಬಿಡುತ್ತಿತ್ತು. ಅಮೆರಿಕದವರು ಇದೇ ಮಾದರಿಯನ್ನು ಅನುಸರಿಸಿ ಮಾಡಿಕೊಂಡ ಕೆ-24ರಲ್ಲೂ ಏರ್ಪಾಟು ಅದೇ. ಹಾಗಾಗಿ ಈ ಎರಡು ಕ್ಯಾಮೆರಾಗಳ ಮಸೂರಗಳು ಬರೀ ಬ್ಯಾರಲ್ಲಿನಲ್ಲಿ, ಅಂದರೆ ಲೋಹದ ಕೊಳವೆಯಲ್ಲಿ, ಕೂತ ಗಾಜು ಮತ್ತು ಬೆಳಕಿನ ಬಾಯಿ ಹಿಗ್ಗಿಸಿ ಕುಗ್ಗಿಸುವ ಐರಿಸ್, ಅಷ್ಟೆ. ಷಟರನ್ನು ನಡುವೆ ತೂರಿಸಬೇಕಾದೀತು ಎಂಬ ಯೋಚನೆಯೇ ಇಲ್ಲದೆ ಅವನ್ನು ರೂಪಿಸಲಾಗಿತ್ತು.

ಇನ್ನೊಂದು ಪಂಥ ಷರ್ಮನ್ ಫೇರ್‌ಚೈಲ್ಡನದು. ಓಡುವ ಪರದೆ ಚಿತ್ರದ ಒಂದು ಅಂಚನ್ನು ಮೊದಲು, ಇನ್ನೊಂದನ್ನು ಆಮೇಲೆ ಬೆಳಗಿಸುತ್ತದೆ. ಅಷ್ಟರಲ್ಲಿ ವಿಮಾನ ಮುಂದೆ ಸರಿದಿರುವುದರಿಂದ ನಕ್ಷೆ ಬರೆಯುವವನಿಗೆ ಬೇಕಾದ ಅಳತೆ ವಕ್ರವಾಗುತ್ತದೆ. ಇದಕ್ಕೆ ಮದ್ದೆಂದು ಫೇರ್‌ಚೈಲ್ಡ್ ಮೊದಲ ಮಹಾಯುದ್ಧದ ಕೊನೆಗೆ ಮಸೂರದ ಗಾಜುಗಳ ನಡುವೆಯೇ ಕೆಲಸ ಮಾಡುವ ದೊಡ್ಡ ಷಟರ್ ಕಟ್ಟಿದ. 9×9 ಅಂಗುಲ ಚಿತ್ರದ ಕೆ-17ರಂಥ ನಕ್ಷಾ ಕ್ಯಾಮೆರಾಗಳೂ, ಕೈಯಲ್ಲಿ ಹಿಡಿದು 4×5 ಅಂಗುಲದ ಚಿತ್ರ ತೆಗೆಯುವ ಕೆ-20ಯೂ ಈ ಸಾಲಿನವು. ಹಿರೋಷಿಮಾದ ಮೇಲೆದ್ದ ಅಣುಬಾಂಬಿನ ಮೋಡವನ್ನು ಎನೋಲಾ ಗೇ ವಿಮಾನದ ಬಾಲಭಾಗದ ಗನ್ನರ್ ತೆಗೆದದ್ದು ಕೆ-20ಯಿಂದಲೇ. ಆದರೆ ಇವುಗಳ ಷಟರ್ ಆಕಾಶದ ವೇಗಕ್ಕೆ ಹೊಂದಿಸಿದ್ದು. ಕೆ-20ಯಲ್ಲಿ ಸೆಕೆಂಡಿನ 1/125ರಿಂದ 1/500ರವರೆಗೆ ಮಾತ್ರ ಆಯ್ಕೆ. ಒಂದು ಸೆಕೆಂಡ್ ತೆರೆದಿಡಿ ಎಂದರೆ ಅದಕ್ಕೆ ಆಗದು. ಯುದ್ಧದ ನಂತರದ ಸ್ವಿಸ್ ವೈಲ್ಡ್ ಕಂಪನಿಯ ನಕ್ಷಾ ಕ್ಯಾಮೆರಾಗಳಲ್ಲಿ ನಿಲ್ಲದೆ ತಿರುಗುವ ತಟ್ಟೆಗಳ ಷಟರ್ ಮೋಟಾರಿನಿಂದ ನಡೆಯುತ್ತದೆ. ಅವುಗಳ ಏವಿಯೊಗಾನ್ ಮಸೂರ ಲುಡ್ವಿಗ್ ಬರ್ಟೆಲೆಯ ಕೈಚಳಕದ ಉತ್ತಮ ಮಾದರಿಗಳಲ್ಲೊಂದು ನಿಜ, ಆದರೆ ಸ್ಟ್ಯಾಂಡ್ ಕ್ಯಾಮೆರಾದ ಮುಂಭಾಗ ತಾಳುವ ಭಾರ ಅದಲ್ಲ. ನೋಡಲು ಚೆಂದವೆಂದು ಕೊಂಡವರು ಕೊನೆಗೆ ಅದನ್ನು ಕಪಾಟಿನಲ್ಲಿಟ್ಟು ನೋಡುತ್ತಲೇ ಇರಬೇಕಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ವೈಮಾನಿಕ ಛಾಯಾಗ್ರಹಣ ಶುರುವಾದದ್ದು 1920ರಲ್ಲಿ, ಆಗ್ರಾ ನಗರದ ಚಿತ್ರಗಳಿಂದ. 1923–24ರಲ್ಲಿ ಆಗ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಬರ್ಮಾದ ಐರಾವತಿ ಮುಖಜ ಭೂಮಿಯ ಸಮೀಕ್ಷೆ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಕಲ್ಕತ್ತೆಯ ದಮ್‌ದಮ್‌ನಲ್ಲಿ 1943ರಲ್ಲಿ ರೂಪುಗೊಂಡ 681 ಮತ್ತು 684ನೇ ಸ್ಕ್ವಾಡ್ರನ್‌ಗಳ ಸ್ಪಿಟ್‌ಫೈರ್, ಮಸ್ಕಿಟೊ ವಿಮಾನಗಳು ಬರ್ಮಾ ರಣಾಂಗಣದ ಮೇಲೆ ಚಿತ್ರ ತೆಗೆದವು. ಅದೇ 1943ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಯುದ್ಧ ಮುಗಿಯುವವರೆಗೆ ಪೂರ್ವದ ರಂಗದ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಯುದ್ಧಾನಂತರ ಕಾನ್‌ಪುರದಲ್ಲಿ ಗುಜರಿಗೆಂದು ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳಲ್ಲಿ 40ಕ್ಕೂ ಹೆಚ್ಚನ್ನು ಇದೇ ಕಾರ್ಖಾನೆ ಬೆಂಗಳೂರಿಗೆ ಹಾರಿಸಿ ತಂದು ಮತ್ತೆ ಸಜ್ಜುಗೊಳಿಸಿತು. ಭಾರತೀಯ ವಾಯುಪಡೆಯಲ್ಲಿ ಅವು 1968ರ ಕೊನೆಯವರೆಗೆ ಹಾರಿದವು. ಸಮೀಕ್ಷೆಯ ಕೆಲಸವನ್ನೂ ಮಾಡಿದವು. ಗುಜರಿಯಿಂದ ವಿಮಾನವನ್ನೇ ಎತ್ತಿ ಹಾರಿಸಿದ ದೇಶದಲ್ಲಿ ಗುಜರಿಯ ಮಸೂರವೊಂದಕ್ಕೆ ಷಟರ್ ಕೂಡಿಸುವುದು ಅತಿಶಯದ ಮಾತೇನಲ್ಲ.

ಮುಂದೆ ವಾಯುಪಡೆ, ಕಲ್ಕತ್ತೆಯ ಏರ್ ಸರ್ವೆ ಕಂಪನಿ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಈ ಮೂರೂ ಸಮೀಕ್ಷಾ ಹಾರಾಟ ನಡೆಸಿದವು. ಮೇಲ್ವಿಚಾರಣೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ವಾಯುಸರ್ವೇಕ್ಷಣಾ ನಿರ್ದೇಶನಾಲಯದ್ದು. 2000ದ ನಂತರ ಡಿಜಿಟಲ್ ವೈಮಾನಿಕ ಕ್ಯಾಮೆರಾಗಳು ಬಂದು ಜಗತ್ತಿನಾದ್ಯಂತ ಫಿಲ್ಮಿನ ಯಂತ್ರಗಳು ಮೂಲೆ ಸೇರಿದವು.

ಭಾರತದ ಸ್ಟುಡಿಯೋಗಳಲ್ಲಿ ಇನ್ನೊಂದು ಕಡೆಯ ತಯಾರಿ ಮೊದಲೇ ಇತ್ತು. ಮರದ ಸ್ಟ್ಯಾಂಡ್ ಕ್ಯಾಮೆರಾಗಳು ಇಲ್ಲೇ ತಯಾರಾಗುತ್ತಿದ್ದವು. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ 1940ರ ದಶಕದಿಂದ ಮಾಡುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಅವುಗಳಲ್ಲಿ ಹೆಸರಾದದ್ದು. ಶಾಲೆಯ ಗ್ರೂಪ್ ಫೋಟೋಗಳನ್ನು ಎಷ್ಟೋ ಜನ ಮಸೂರದ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮುಚ್ಚಳ ಹಾಕಿ ತೆಗೆದವರು. ಷಟರಿಲ್ಲದ ಮಸೂರ ಅವರಿಗೆ ಕೊರತೆಯೇ ಅಲ್ಲ. ಫಿಲ್ಮಿನ ವೇಗ ಹೆಚ್ಚಿದಂತೆಲ್ಲ ಅದು ಕೊರತೆಯಾಯಿತು.

ಹೆಸರಾದ ಮಸೂರಗಳು

ಡಾಲ್‌ಮೇಯರ್ ಕಂಪನಿಯ ಪೆಂಟ್ಯಾಕ್ 8 ಅಂಗುಲ, ಎಫ್/2.9. ಲಯನೆಲ್ ಬೂತ್ ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ರೂಪಿಸಿದ್ದು. ಮೂರು ಗುಂಪುಗಳಲ್ಲಿ ಐದು ಗಾಜು, ಹೆಲಿಯರ್ ವಂಶದ್ದು. ಎಫ್-24ಕ್ಕೆಂದು ಬಹಳ ಸಂಖ್ಯೆಯಲ್ಲಿ ತಯಾರಾದ್ದರಿಂದ ಬ್ರಿಟಿಷ್ ಸೇನೆ ಇದ್ದಲ್ಲೆಲ್ಲ ಇದು ಕಾಣಸಿಗುತ್ತದೆ. 5×5 ಅಂಗುಲದ ಚೌಕದ ಕರ್ಣ 180 ಮಿ.ಮೀ. ನಮ್ಮ ಹಳೆಯ ಹಾಫ್ ಪ್ಲೇಟಿನ ಕರ್ಣ ಸುಮಾರು 204 ಮಿ.ಮೀ. ಹಾಗಾದರೆ ಮೂಲೆಗಳು ಕಪ್ಪಾಗಬೇಕು. ದೂರದ ಬೆಟ್ಟಕ್ಕೆ ಫೋಕಸ್ ಮಾಡಿದರೆ ಆ ಭಯ ಇದ್ದೇ ಇದೆ. ಆದರೆ ಒಂದೂವರೆ ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದಾಗ ಬೆಲ್ಲೋಸ್ ಉದ್ದವಾಗಿ ಬೆಳಕಿನ ವೃತ್ತವೂ ಶೇಕಡಾ 15ರಷ್ಟು ಹಿಗ್ಗುತ್ತದೆ. 180 ಹೋಗಿ 208 ಆಗುತ್ತದೆ, ಹಾಫ್ ಪ್ಲೇಟಿಗೆ ಸರಿಹೋಗುತ್ತದೆ. ಭಾವಚಿತ್ರಕ್ಕೆ ಪೆಂಟ್ಯಾಕ್ ಒಗ್ಗುವುದಕ್ಕೆ ಇದೂ ಒಂದು ಕಾರಣ.

ಕೊಡಾಕ್ ಏರೊ-ಎಕ್ಟರ್ 7 ಅಂಗುಲ (178 ಮಿ.ಮೀ.), ಎಫ್/2.5. ಜಾರ್ಜ್ ಅಕ್ಲಿನ್ ರೂಪಿಸಿದ, ಏಳು ಗಾಜುಗಳ, ಕೆ-24ರ ಮಸೂರ. ಈ ಕಸುಬಿಗೆ ಕೀರ್ತಿ ತಂದದ್ದೂ ತಲೆನೋವು ತಂದದ್ದೂ ಇದೇ. ಮೈಮೇಲಿನ ಸಂಖ್ಯೆಗೆ ಮುಂಚಿನ ಎರಡು ಇಂಗ್ಲಿಷ್ ಅಕ್ಷರ ತಯಾರಾದ ವರ್ಷ ಹೇಳುತ್ತವೆ. ಕ್ಯಾಮೆರೋಸಿಟಿ (CAMEROSITY) ಎಂಬ ಕೊಡಾಕಿನ ಗುಪ್ತಪದದ ಹತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9 ಮತ್ತು 0 ಬೆಲೆ; ‘ಇಇ’ ಇದ್ದರೆ 1944, ‘ಇಆರ್’ ಇದ್ದರೆ 1945. ಇದರ ಗಾಜಿನಲ್ಲಿ ಥೋರಿಯಂ ಸೇರಿದೆ. ವಿಕಿರಣದಿಂದ ಗಾಜು ವರ್ಷಗಳುರುಳಿದಂತೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅತಿನೇರಳೆ ದೀಪದಡಿ ಇಲ್ಲವೇ ಬಿಸಿಲಿನಲ್ಲಿ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಇಟ್ಟರೆ ಬಣ್ಣ ಇಳಿಯುತ್ತದೆ. ಕ್ಯಾಮೆರಾದಲ್ಲಿಟ್ಟು ಬಳಸಲು ಅಡ್ಡಿಯಿಲ್ಲ. ಹಿಂದಿನ ಗಾಜನ್ನು ಕಣ್ಣಿಗೊತ್ತಿ ನೋಡುವುದು, ಉಜ್ಜಿ ಹೊಳಪು ಕೊಡುವುದು, ಒಡೆದ ಚೂರನ್ನು ಬರಿಗೈಯಲ್ಲಿ ಆರಿಸುವುದು ಇವು ಮಾತ್ರ ಕೂಡದು.

ಮೆಟ್ರೊಗಾನ್ 6 ಅಂಗುಲ, ಎಫ್/6.3. ಜರ್ಮನಿಯ ರಾಬರ್ಟ್ ರಿಕ್ಟರ್ 1930ರ ದಶಕದಲ್ಲಿ ಝೈಸ್‌ಗೆ ಮಾಡಿಕೊಟ್ಟ ಟೊಪೊಗಾನ್ ವಿನ್ಯಾಸವನ್ನು ಅಮೆರಿಕದ ಬಾಷ್ ಅಂಡ್ ಲಾಂಬ್ ತನ್ನದಾಗಿಸಿಕೊಂಡದ್ದು. 9×9 ಅಂಗುಲದ ಕರ್ಣ 323 ಮಿ.ಮೀ., 8×10 ಅಂಗುಲದ ಫಿಲ್ಮಿನ ಕರ್ಣ 325 ಮಿ.ಮೀ. ಈ ಕಾಕತಾಳೀಯವೇ ಮೆಟ್ರೊಗಾನನ್ನು 8×10 ಹವ್ಯಾಸಿಗಳ ಕಣ್ಣಿಗೆ ಬೀಳಿಸಿತು. ಅಷ್ಟು ಚಿಕ್ಕ ನಾಭಿದೂರಕ್ಕೆ ಇದು 93 ಡಿಗ್ರಿಯ ನೋಟ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಕೊಸೈನ್‌ನ ನಾಲ್ಕನೆಯ ಘಾತದ ನಿಯಮದ ಲೆಕ್ಕದಲ್ಲಿ ಮೂಲೆಗೆ ನಡುವಿನ ಕಾಲು ಭಾಗದಷ್ಟು ಬೆಳಕೂ ತಲಪದು. ಅದಕ್ಕೇ ನಡುವೆ ಕಪ್ಪಗಿರುವ ಫಿಲ್ಟರನ್ನು ಜೊತೆಗೆ ಕೊಡುತ್ತಿದ್ದರು. ಫಿಲ್ಟರಿಲ್ಲದ ಮೆಟ್ರೊಗಾನ್ ಸಿಕ್ಕರೆ ಬೆಲೆ ಚೌಕಾಸಿ ಮಾಡಲು ಅದೊಂದೇ ಸಾಕು.

ಟೇಲರ್ ಹಾಬ್ಸನ್‌ನ ಏವಿಯಾರ್ ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಟೆಸ್ಸಾರ್ ಸಿಗದಾದಾಗ ಆರ್ಥರ್ ವಾರ್ಮಿಷಾಮ್ ರೂಪಿಸಿದ್ದು. ರಾಸ್ ಎಕ್ಸ್‌ಪ್ರೆಸ್ 5 ಅಂಗುಲ ಎಫ್/4, ಕೆ-20ಯ ಆರೂವರೆಗೆ ತುಸು ಕಡಿಮೆ ಅಂಗುಲದ ಎಫ್/4.5 ಮಸೂರ ಇವು ಸಾಧು ಜಾತಿಯವು. 24 ಅಂಗುಲ ಎಫ್/6 ಏರೊ-ಎಕ್ಟರ್, ಎಫ್-52 ಕ್ಯಾಮೆರಾದ 36 ಅಂಗುಲದ ದೈತ್ಯ ಇಂಥವಕ್ಕೆ ಷಟರ್ ಹುಡುಕುವುದು ಹುಚ್ಚು.

ವ್ಯಾಸದ ಲೆಕ್ಕ

ನಾಭಿದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ನುಗ್ಗುವ ಬಾಯಿಯ ವ್ಯಾಸ ಸಿಗುತ್ತದೆ. ಮೆಟ್ರೊಗಾನಿಗೆ 24 ಮಿ.ಮೀ., ಎಕ್ಸ್‌ಪ್ರೆಸ್‌ಗೆ 32, ಕೆ-20ಯದಕ್ಕೆ 36, ಪೆಂಟ್ಯಾಕ್‌ಗೆ 70, ಏರೊ-ಎಕ್ಟರಿಗೆ 71. ಈಗ ಷಟರಿನ ಕಡೆ ನೋಡಬೇಕು. ಜಪಾನಿನ ಕೋಪಾಲ್ ಷಟರುಗಳಲ್ಲಿ 0 ನಂಬರಿನದು 24 ಮಿ.ಮೀ. ತೆರೆಯುತ್ತದೆ, 1 ನಂಬರಿನದು 30, 3 ನಂಬರಿನದು 45. ವೇಗದ ಮಿತಿ ಕ್ರಮವಾಗಿ 1/500, 1/400, 1/125 ಸೆಕೆಂಡ್. ಷಟರ್ ದೊಡ್ಡದಾದಷ್ಟೂ ಅಲಗುಗಳು ಭಾರ, ಓಟ ನಿಧಾನ. ಇವುಗಳಿಗಿಂತ ದೊಡ್ಡವು ಬೇಕೆಂದರೆ ಅಮೆರಿಕದ ಇಲೆಕ್ಸ್ 5 ನಂಬರ್ ಮತ್ತು ಜರ್ಮನಿಯ ಡೆಕ್ಕಲ್ ಕಂಪನಿಯ ಹಳೆಯ ಕಾಂಪೌಂಡ್ 5 ನಂಬರ್. ಎರಡರ ಬಾಯಿಯೂ ಎರಡೂವರೆ ಅಂಗುಲದ ಆಸುಪಾಸು. ಕಾಂಪೌಂಡಿನಲ್ಲಿ ವೇಗ ಹಿಡಿದಿಡುವುದು ಗಾಳಿಯ ಪುಟ್ಟ ಸಿಲಿಂಡರು, ಹಲ್ಲಿನ ಚಕ್ರಗಳಲ್ಲ. ಕೋಪಾಲ್ ಷಟರುಗಳ ತಯಾರಿಕೆ 2010ರ ದಶಕದ ಮೊದಲ ಭಾಗದಲ್ಲಿ ನಿಂತುಹೋದದ್ದರಿಂದ ಈಗ ಹಳೆಯ ಷಟರೇ ಎಷ್ಟೋ ಮಸೂರಗಳಿಗಿಂತ ದುಬಾರಿ.

71 ಮಿ.ಮೀ. ಬಾಯಿಯ ಏರೊ-ಎಕ್ಟರನ್ನು 45 ಮಿ.ಮೀ. ಷಟರಿನ ಹಿಂದೆ ಕೂರಿಸಿದರೆ ಅದು ಎಫ್/4ರ ಮಸೂರವಾಗುತ್ತದೆ, ಮೂಲೆಗಳಲ್ಲಿ ಇನ್ನೂ ಕತ್ತಲು. ಎಫ್/2.5ಕ್ಕಾಗಿಯೇ ಕೊಂಡವನಿಗೆ ಇದರಲ್ಲಿ ಸ್ವಾರಸ್ಯವೇನೂ ಇಲ್ಲ. ಆದ್ದರಿಂದ ಅನುಭವಿಗಳು ಈ ಮಸೂರಕ್ಕೆ ಷಟರ್ ಕೂಡಿಸುವ ಗೊಡವೆಗೇ ಹೋಗದೆ, ಕ್ಯಾಮೆರಾದೊಳಗೇ ಓಡುವ ಪರದೆಯಿರುವ ಗ್ರಾಫ್ಲೆಕ್ಸ್ ಕಂಪನಿಯ ಸ್ಪೀಡ್ ಗ್ರಾಫಿಕ್‌ಗೆ ಅದನ್ನು ಹಾಕಿದರು. ವಿಮಾನದಲ್ಲಿದ್ದ ಏರ್ಪಾಟೇ ನೆಲದಲ್ಲೂ ಮುಂದುವರಿಯಿತು. ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಬರ್ನೆಟ್ 2004ರ ಅಧ್ಯಕ್ಷೀಯ ಚುನಾವಣೆಯ ಪ್ರಚಾರವನ್ನು ಈ ಜೋಡಿಯಿಂದ ತೆಗೆದ ಮೇಲೆ ಮಸೂರದ ಬೆಲೆ ಮೊದಲಿನಂತೆ ಉಳಿಯಲಿಲ್ಲ. ಎರಡು ಮೀಟರ್ ದೂರದ ಮುಖಕ್ಕೆ ಎಫ್/2.5ರಲ್ಲಿ ಸ್ಪಷ್ಟವಾಗಿರುವ ಆಳ ಸುಮಾರು 6 ಸೆಂ.ಮೀ. ಕಣ್ಣು ಸ್ಪಷ್ಟವಿದ್ದರೆ ಕಿವಿ ಮಸುಕು. ಮಧ್ಯಾಹ್ನದ ಬಿಸಿಲಿನಲ್ಲಿ 100 ಐಎಸ್‌ಒ ಫಿಲ್ಮಿಗೆ ಈ ಅಪರ್ಚರಿನಲ್ಲಿ ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗ ಬೇಕು. ಸ್ಪೀಡ್ ಗ್ರಾಫಿಕ್‌ನ ಪರದೆಯ ಮಿತಿ 1/1000, ಆದ್ದರಿಂದ ಎರಡು ಸ್ಟಾಪಿನ (ಒಂದು ಸ್ಟಾಪೆಂದರೆ ಬೆಳಕು ಅರ್ಧಕ್ಕೆ) ಬೂದು ಫಿಲ್ಟರ್ ಅನಿವಾರ್ಯ. 1/125 ಮಿತಿಯ ಷಟರಿಗೆ ಐದು ಸ್ಟಾಪ್ ಬೇಕಾದೀತು.

ಮೆಟ್ರೊಗಾನಿನ ಕಷ್ಟ ಇದಕ್ಕೆ ತಿರುವುಮುರುವು. 24 ಮಿ.ಮೀ. ಯಾವ ಷಟರಿಗೂ ದೊಡ್ಡದಲ್ಲ. ಆದರೆ ಅದರ ಗಾಜುಗಳು ಐರಿಸ್‌ನ ಕಡೆಗೆ ಗುಳಿಯಾಗಿ ಬಾಗಿದ ಬಟ್ಟಲುಗಳು, ಆ ಬಟ್ಟಲುಗಳ ಅಂಚು ನಡುವಿನ ಜಾಗಕ್ಕೆ ಚಾಚಿರುತ್ತದೆ. ಕೋಪಾಲ್ 0 ಅಥವಾ 1ರ ದಪ್ಪ 20 ಮಿ.ಮೀ. ಅದು ನುಗ್ಗಲು ಅಲ್ಲಿ ಇಕ್ಕಟ್ಟು. ನುಗ್ಗಿಸಲೆಂದು ಗಾಜುಗಳನ್ನು ದೂರ ಸರಿಸಿದರೆ ಮೆಟ್ರೊಗಾನ್ ಮೆಟ್ರೊಗಾನಾಗಿ ಉಳಿಯದು.

ಜೋಡಣೆಯ ವಿಧಾನ

ಷಟರ್ ಕೂರಬಹುದಾದ ಜಾಗ ಮೂರು: ಮಸೂರದ ಮುಂದೆ, ಹಿಂದೆ, ಇಲ್ಲವೇ ಎರಡು ಗುಂಪುಗಳ ನಡುವೆ ಐರಿಸ್ ಇರುವಲ್ಲಿ. ಐರಿಸ್ ಇರುವಲ್ಲಿ ಕೂತ ಅಲಗುಗಳು ತೆರೆಯಲು ಶುರುಮಾಡಿದ ಕ್ಷಣವೇ ಇಡೀ ಚಿತ್ರಕ್ಕೆ ಒಟ್ಟಾಗಿ ಬೆಳಕು ಬೀಳುತ್ತದೆ. ಮುಂದೆ ಅಥವಾ ಹಿಂದೆ ದೂರ ಕೂತ ಷಟರ್ ವೇಗವಾಗಿ ಓಡಿದಾಗ ನಡುವಿಗೆ ಹೆಚ್ಚು, ಮೂಲೆಗೆ ಕಡಿಮೆ ಬೆಳಕು ಕೊಡುತ್ತದೆ. ಅರ್ಧ ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, 1/125ರಲ್ಲಿ ಇದೆ.

ನಡುವೆ ಕೂರಿಸುವುದಾದರೆ ಬಿಚ್ಚುವ ಮೊದಲೇ ಅಳತೆ ತೆಗೆದುಕೊಳ್ಳಬೇಕು. ಬ್ಯಾರಲ್ಲಿನ ಒಂದು ತುದಿಯ ಲೋಹದ ಅಂಚಿನಿಂದ ಇನ್ನೊಂದು ತುದಿಯ ಅಂಚಿನವರೆಗಿನ ಉದ್ದವನ್ನು ವರ್ನಿಯರಿನಲ್ಲಿ ಅಳೆದು ಬರೆದಿಡುವುದು ಮೊದಲ ಕೆಲಸ. ಎಲ್ಲ ಮುಗಿದ ಮೇಲೆ ಆ ಉದ್ದವೇ ಮರಳಿ ಬರಬೇಕು. ಆಮೇಲೆ ಮುಂದಿನ ಗುಂಪು, ಹಿಂದಿನ ಗುಂಪು ಬಿಚ್ಚಿ ಅವು ಕೂರುವ ಭುಜಗಳ ನಡುವಿನ ಅಂತರ ನೋಡಬೇಕು. ಉದಾಹರಣೆಗೆ ಆ ಅಂತರ 26.4 ಮಿ.ಮೀ. ಇದ್ದು ಷಟರಿನ ದಪ್ಪ 20 ಇದ್ದರೆ, ಉಳಿದ 6.4 ಮಿ.ಮೀ.ಯನ್ನು ಮುಂದಿನ, ಹಿಂದಿನ ಎರಡು ಅಡಾಪ್ಟರ್ ಬಳೆಗಳ ನಡುವೆ ಹಂಚಬೇಕು. ಹಂಚುವಾಗ ಹೊಸ ಐರಿಸ್ ಹಳೆಯದು ಇದ್ದ ಜಾಗಕ್ಕೇ ಬರುವಂತೆ ನೋಡಿಕೊಳ್ಳಬೇಕು. ಅಂತರ 20ಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೆ ಕೈಬಿಡುವುದು ಜಾಣತನ.

ಟೆಸ್ಸಾರ್, ಹೆಲಿಯರ್ ವಂಶದ ಮಸೂರಗಳಲ್ಲಿ ಈ ಅಂತರ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ತಪ್ಪಿದರೂ ಚಿತ್ರದ ಅಂಚು ಮೆದುವಾಗುತ್ತದೆ. ಐರಿಸ್‌ನ ಎರಡೂ ಕಡೆ ಕನ್ನಡಿಯ ಬಿಂಬದಂತೆ ಒಂದೇ ಬಗೆಯ ಗುಂಪುಗಳಿರುವ ಮಸೂರಗಳು ಸ್ವಲ್ಪ ಸಹಿಸುತ್ತವೆ. ಆದ್ದರಿಂದ ಬಳೆಯನ್ನು ಮೊದಲು 0.2 ಮಿ.ಮೀ.ಯಷ್ಟು ಉದ್ದವಾಗಿಯೇ ಬಿಟ್ಟು, ಗ್ರೌಂಡ್ ಗ್ಲಾಸಿನ ಮೇಲೆ ದೂರದ ಬೀದಿದೀಪವೊಂದನ್ನು ಲೂಪ್ ಹಿಡಿದು ನೋಡುತ್ತ, ಮತ್ತೆ ಲೇತ್‌ಗೆ ಕಚ್ಚಿಸಿ ತುಸು ತುಸುವೇ ಇಳಿಸುತ್ತ ಬರುವುದು ಪದ್ಧತಿ. ಇಳಿಸುವುದು ಸುಲಭ, ಏರಿಸಲು ಬಾರದು. ಹೆಚ್ಚು ಇಳಿದುಹೋದರೆ ಹಿತ್ತಾಳೆಯ ತೆಳು ಶಿಮ್ ಒಂದೇ ಗತಿ.

ಬಹಳ ಜನ ಎಡವುವುದು ಥ್ರೆಡ್‌ನಲ್ಲಿ. ಬ್ರಿಟಿಷ್, ಅಮೆರಿಕನ್ ಬ್ಯಾರಲ್ಲುಗಳ ಥ್ರೆಡ್ ಅಂಗುಲಕ್ಕೆ ಇಷ್ಟು ಸುತ್ತು ಎಂಬ ಲೆಕ್ಕದ್ದು. ಕೋಪಾಲ್‌ನದು ಮೆಟ್ರಿಕ್: 0 ನಂಬರಿನಲ್ಲಿ 29.5 ಮಿ.ಮೀ. ವ್ಯಾಸಕ್ಕೆ 0.5 ಪಿಚ್, 1 ನಂಬರಿನಲ್ಲಿ ಮುಂದೆ 40, ಹಿಂದೆ 36, ಎರಡಕ್ಕೂ 0.75 ಪಿಚ್. ಅಂಗುಲಕ್ಕೆ 24 ಸುತ್ತಿನ ಥ್ರೆಡ್ಡಿನ ಪಿಚ್ 1.058 ಮಿ.ಮೀ. ಅದನ್ನು 1 ಎಂದುಕೊಂಡು ಕತ್ತರಿಸಿದರೆ ಮೊದಲ ಎರಡು ಸುತ್ತು ನಯವಾಗಿ ಹೋಗಿ ಐದನೆಯದರ ಹೊತ್ತಿಗೆ 0.3 ಮಿ.ಮೀ. ವ್ಯತ್ಯಾಸ ಕೂಡಿ ಕಚ್ಚಿ ನಿಲ್ಲುತ್ತದೆ. ಬಲ ಹಾಕಿದರೆ ಎಂಬತ್ತು ವರ್ಷದ ಬ್ಯಾರಲ್ಲಿನ ಥ್ರೆಡ್ ಹರಿಯುತ್ತದೆ. ಅಳೆಯಲು ಥ್ರೆಡ್ ಗೇಜಿನ ಎರಡೂ ಸೆಟ್ ಬೇಕು. ಮೆಟ್ರಿಕ್ ಲೀಡ್‌ಸ್ಕ್ರೂ ಇರುವ ಲೇತಿನಲ್ಲಿ ಅಂಗುಲದ ಥ್ರೆಡ್ ಕತ್ತರಿಸಲು 127 ಹಲ್ಲಿನ ಗೇರ್ ಬೇಕು, ಏಕೆಂದರೆ 5 ಅಂಗುಲವೆಂದರೆ ಸರಿಯಾಗಿ 127 ಮಿ.ಮೀ. ಆ ಗೇರ್ ಇದೆಯೇ ಎಂದು ಟರ್ನರನನ್ನು ಮೊದಲೇ ಕೇಳುವುದು ಒಳ್ಳೆಯದು. ಒಳಗಿನ ಬೋರಿಂಗ್, ಭುಜ, ಥ್ರೆಡ್ ಮೂರೂ ಒಂದೇ ಸಲ ಚಕ್ಕಿಗೆ ಕಚ್ಚಿಸಿದಾಗಲೇ ಮುಗಿಯಬೇಕು. ಬಿಚ್ಚಿ ತಿರುಗಿಸಿ ಕಚ್ಚಿಸಿದರೆ ಎರಡು ಗುಂಪುಗಳ ಅಕ್ಷ ಒಂದೇ ಗೆರೆಯಲ್ಲಿ ಬರುವ ಭರವಸೆಯಿಲ್ಲ. ಅಲ್ಯುಮಿನಿಯಂ ಮೇಲೆ ಅಲ್ಯುಮಿನಿಯಂ ಥ್ರೆಡ್ ಕಚ್ಚಿಕೊಳ್ಳುವ ಸ್ವಭಾವದ್ದು. ಹಿತ್ತಾಳೆಯ ಬಳೆಯಾದರೆ ಆ ತಾಪತ್ರಯ ಇಲ್ಲ, ತೂಕ ಮಾತ್ರ ಹೆಚ್ಚು. ಬಳೆಯ ಒಳಮೈಗೆ ಮ್ಯಾಟ್ ಕಪ್ಪು ಹಚ್ಚದಿದ್ದರೆ ಅಷ್ಟೆಲ್ಲ ಕೆಲಸ ಹೊಳಪಿನ ಮಸುಕಿನಲ್ಲಿ ಹಾಳು.

ಮಸೂರವನ್ನು ಬಿಚ್ಚದೆ ಇಡಿಯಾಗಿ ಷಟರಿನ ಮುಂದೋ ಹಿಂದೋ ಕೂರಿಸುವುದು ಸರಳ. ಆಗ ಒಂದೇ ಬಳೆ ಸಾಕು. ಗಾಜುಗಳ ಅಂತರ ಕೆಡುವುದಿಲ್ಲ, ಮೂಲ ಐರಿಸ್ ಮತ್ತು ಅದರ ಗುರುತುಗಳೂ ಹಾಗೇ ಉಳಿಯುತ್ತವೆ. ನಾಭಿದೂರ ಉದ್ದ, ಎಫ್ ಸಂಖ್ಯೆ ದೊಡ್ಡದು ಇರುವ ಮಸೂರಗಳಿಗೆ ಇದೇ ಸೂಕ್ತ. ವ್ಯಾಸದಲ್ಲಿ ಷಟರ್ ಸಾಲದಿದ್ದಲ್ಲಿ ಅಮೆರಿಕದ ಪ್ಯಾಕರ್ಡ್ ಷಟರ್ ಇದೆ: ರಬ್ಬರಿನ ಬುರುಡೆ ಒತ್ತಿದರೆ ಗಾಳಿಯ ಒತ್ತಡಕ್ಕೆ ಅಲಗು ತೆರೆಯುತ್ತದೆ. ವೇಗ ಒಂದೋ ಎರಡೋ, ಅದೂ ಅಂದಾಜು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಂಗ್ಲೆಂಡಿನಲ್ಲಿ ತಯಾರಾದ ಥಾರ್ನ್‌ಟನ್-ಪಿಕಾರ್ಡ್ ಸುರುಳಿ ಪರದೆಯ ಷಟರ್ ಮಸೂರದ ಮೂತಿಗೇ ಸಿಕ್ಕಿಸುವಂಥದ್ದು. ಭಾರತದ ಹಳೆಯ ಸ್ಟುಡಿಯೋಗಳಲ್ಲೂ ಇತ್ತು. ಪರದೆಯ ಬಟ್ಟೆ ಪುಡಿಯಾಗಿರದಿದ್ದರೆ, ಬಾಯಿಯ ವ್ಯಾಸ ಸಾಲುವಂತಿದ್ದರೆ, ಪೆಂಟ್ಯಾಕ್‌ಗೆ ಇದಕ್ಕಿಂತ ಒಪ್ಪುವ ಜೋಡಿ ಹುಡುಕಬೇಕಿಲ್ಲ. ಸಿನಾರ್ ಕ್ಯಾಮೆರಾ ಇದ್ದವರು ಅದರ ಲೆನ್ಸ್ ಬೋರ್ಡಿನ ಹಿಂದೆ ಕೂರುವ ಅಗಲ ಬಾಯಿಯ ಷಟರ್ ಬಳಸಬಹುದು. ಎಲ್ಲಕ್ಕಿಂತ ಅಗ್ಗದ ದಾರಿ ಷಟರೇ ಬೇಡವೆನ್ನುವುದು: ಕತ್ತಲ ಕೋಣೆಯಲ್ಲಿ ಮುಚ್ಚಳ ತೆಗೆದು, ಫ್ಲ್ಯಾಷ್ ಹೊಡೆದು, ಮುಚ್ಚಳ ಹಾಕುವುದು.

ಗುರುತು ಮತ್ತು ಪರೀಕ್ಷೆ

ಗಾಜುಗಳು ಹೊಸ ಷಟರಿಗೆ ಬಂದ ಮೇಲೆ ಷಟರಿನ ಮೈಮೇಲಿರುವ ಎಫ್ ಸಂಖ್ಯೆಗಳನ್ನು ನಂಬುವಂತಿಲ್ಲ. ಅವು ಅದರ ಹಿಂದಿನ ಮಸೂರಕ್ಕೆ ಸೇರಿದವು. ಐರಿಸ್‌ನ ನಿಜವಾದ ವ್ಯಾಸವನ್ನು ಅಳೆದರೂ ಸಾಲದು, ಮುಂದಿನ ಗಾಜುಗಳ ಮೂಲಕ ಅದು ಹಿಗ್ಗಿ ಕಾಣುತ್ತದೆ, ಆ ಹಿಗ್ಗಿದ ಅಳತೆಯೇ ಲೆಕ್ಕಕ್ಕೆ ಬೇಕಾದದ್ದು. ಅದಕ್ಕೊಂದು ಹಳೆಯ ಉಪಾಯವಿದೆ. ಕ್ಯಾಮೆರಾವನ್ನು ಅನಂತಕ್ಕೆ ಫೋಕಸ್ ಮಾಡಿ, ಗ್ರೌಂಡ್ ಗ್ಲಾಸಿನ ಜಾಗದಲ್ಲಿ ನಡುವೆ ಸೂಜಿಯಿಂದ ಚುಚ್ಚಿದ ಕಪ್ಪು ಕಾಗದ ಇಟ್ಟು, ಹಿಂದಿನಿಂದ ಟಾರ್ಚ್ ಹಾಯಿಸಿ ಕೋಣೆ ಕತ್ತಲು ಮಾಡಬೇಕು. ಮಸೂರದ ಮುಂದೆ ಬೆಳಕು ಹರಡದೆ ಸಮಾನಾಂತರವಾಗಿ ಹೊರಬರುತ್ತದೆ. ಮೂತಿಗೆ ಹತ್ತಿರ ಹಿಡಿದ ಟ್ರೇಸಿಂಗ್ ಕಾಗದದ ಮೇಲೆ ಬಿದ್ದ ವೃತ್ತವನ್ನು ಸ್ಕೇಲಿನಲ್ಲಿ ಅಳೆದರೆ ಆಯಿತು. 178 ಮಿ.ಮೀ. ಮಸೂರಕ್ಕೆ ವೃತ್ತ 44.5 ಮಿ.ಮೀ. ಬಂದ ಕಡೆ ಎಫ್/4ರ ಗುರುತು, 22ಕ್ಕೆ ಇಳಿದ ಕಡೆ ಎಫ್/8.

ವೇಗ ನೋಡಲು ಈಗ ಬೆಳಕಿನ ಸೆನ್ಸರಿನ ಚಿಕ್ಕ ಯಂತ್ರಗಳಿವೆ. ಅದಿಲ್ಲದವರು ಗ್ರಾಮಫೋನ್ ತಟ್ಟೆಯ ಅಂಚಿಗೆ ಬಿಳಿ ಚುಕ್ಕೆ ಅಂಟಿಸಿ, ನಿಮಿಷಕ್ಕೆ 33⅓ ಸುತ್ತಿನಲ್ಲಿ ತಿರುಗಿಸಿ ಚಿತ್ರ ತೆಗೆಯುತ್ತಿದ್ದರು. ಆ ವೇಗದಲ್ಲಿ ಚುಕ್ಕೆ ಸೆಕೆಂಡಿಗೆ 200 ಡಿಗ್ರಿ ಓಡುತ್ತದೆ. ನೆಗೆಟಿವ್‌ನಲ್ಲಿ ಕಂಸ 20 ಡಿಗ್ರಿ ಇದ್ದರೆ 1/10 ಸೆಕೆಂಡ್, 8 ಡಿಗ್ರಿ ಇದ್ದರೆ 1/25. ಇದಕ್ಕಿಂತ ಹೆಚ್ಚಿನ ವೇಗಗಳಿಗೆ ಕಂಸ ತೀರ ಚಿಕ್ಕದಾಗಿ ಉಪಾಯ ಸೋಲುತ್ತದೆ. ಹಳೆಯ ದೊಡ್ಡ ಷಟರುಗಳು ಬರೆದದ್ದಕ್ಕಿಂತ ನಿಧಾನವಾಗಿ ಓಡುವುದು ಮಾಮೂಲು. ಎಷ್ಟು ನಿಧಾನ ಎಂಬುದು ಗೊತ್ತಿದ್ದು, ಪ್ರತಿಸಲವೂ ಅಷ್ಟೇ ನಿಧಾನವಾದರೆ ಅದು ದೋಷವೆನಿಸದು.

ಮುಂಬಯಿ–ಟಿಟ್ವಾಳಾ ಮಾರ್ಗ

ಸೆಂಟ್ರಲ್ ರೈಲ್ವೆಯಲ್ಲಿ ಕಲ್ಯಾಣ್ ದಾಟಿ ಕಸಾರಾ ಕಡೆಗೆ ಹೋಗುವಾಗ ಆಂಬಿವಲಿಯ ನಂತರ ಸಿಗುವುದು ಟಿಟ್ವಾಳಾ, ಗಣಪತಿಯ ಗುಡಿಗೆ ಹೆಸರಾದ ಊರು. ಇಲ್ಲಿ ನೆಲೆಸಿದ ಹವ್ಯಾಸಿಗೆ ಈ ಕಸುಬಿನ ಎರಡೂ ತುದಿ ಕೈಗೆಟಕುತ್ತವೆ. ಹಳೆಯ ಮಸೂರ, ಷಟರುಗಳಿಗೆ ದಕ್ಷಿಣ ಮುಂಬಯಿಯ ಮಟನ್ ಸ್ಟ್ರೀಟ್ ಸುತ್ತಲ ಚೋರ್ ಬಜಾರ್ ಹಳೆಯ ಜಾಗ. ಲೇತ್ ಕೆಲಸಕ್ಕೆ ಠಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿಯ ಎಂಐಡಿಸಿ, ಅಂಬರನಾಥ, ಉಲ್ಹಾಸನಗರಗಳ ಶೆಡ್ಡುಗಳಿವೆ. ಅಂಬರನಾಥದಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಗಳೂ ಇವೆ. ಉಲ್ಹಾಸನಗರವೇ ಮೂಲದಲ್ಲಿ ಎರಡನೆಯ ಮಹಾಯುದ್ಧದ ಸೈನಿಕ ತಂಗುದಾಣ, ಕಲ್ಯಾಣ್ ಕ್ಯಾಂಪ್. ವಿಭಜನೆಯ ನಂತರ ಅದರ ಬ್ಯಾರಕ್ಕುಗಳಲ್ಲಿ ಸಿಂಧಿ ನಿರಾಶ್ರಿತರನ್ನು ನೆಲೆಗೊಳಿಸಿ 1949ರಲ್ಲಿ ಹೊಸ ಹೆಸರಿಟ್ಟರು. ಬೆಂಗಳೂರಿನವರಿಗೆ ಇದೇ ಕೆಲಸಕ್ಕೆ ಪೀಣ್ಯದ ಶೆಡ್ಡುಗಳಿವೆ. ಎಲ್ಲೇ ಆಗಲಿ, ಬೇಕಾದದ್ದು ಕ್ಯಾಮೆರಾ ರಿಪೇರಿಯವನಿಗಿಂತ ಹೆಚ್ಚಾಗಿ ಒಂದೇ ಒಂದು ಬಳೆ ಮಾಡಿಕೊಡಲು ಒಪ್ಪುವ ಟರ್ನರ್. ಸಾವಿರ ನಗದ ಆರ್ಡರಿನ ನಡುವೆ ಎರಡು ನಗ ಕೇಳುವವನಿಗೆ ಶನಿವಾರ ಸಂಜೆ ಮಾತ್ರ ಜಾಗ ಸಿಗುತ್ತದೆ. ಕೈಯಲ್ಲಿ ಅಳತೆಯಿರುವ ನಕ್ಷೆ ಇಲ್ಲದೆ ಬರೀ ಮಸೂರ ಹಿಡಿದು ಹೋದರೆ ಅದೂ ಸಿಗದು.

ಈ ಪ್ರದೇಶದ ಮಳೆಗಾಲ ಹಳೆಯ ಗಾಜಿಗೆ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಗುಂಪುಗಳ ಒಳಮೈಯಲ್ಲಿ ಬೂಸು ಹಿಡಿಯುತ್ತದೆ. ಪೆಂಟ್ಯಾಕ್‌ನಂಥವುಗಳಲ್ಲಿ ಗಾಜು ಅಂಟಿಸಿದ ಕೆನಡಾ ಬಾಲ್ಸಂ ಅಂಚಿನಿಂದ ಬಿಡತೊಡಗಿ ಕಾಮನಬಿಲ್ಲಿನ ಬಣ್ಣದ ತೇಪೆ ಕಾಣುತ್ತದೆ. ಕೊಳ್ಳುವಾಗ ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಎರಡೂ ಗೊತ್ತಾಗುತ್ತವೆ. ಷಟರ್ ಜೋಡಿಸುವ ಕೆಲಸದಲ್ಲಿ ಗುಂಪುಗಳು ಹೇಗೂ ಬಿಚ್ಚಿ ಬರುವುದರಿಂದ ಬೂಸು ಒರೆಸಲು ಅದೇ ಸಮಯ. ಅಂಟಿಸಿದ ಗಾಜನ್ನು ಬೇರ್ಪಡಿಸುವ ಸಾಹಸ ಮನೆಯಲ್ಲಿ ಬೇಡ.

ವೈಮಾನಿಕ ಮಸೂರ ಸಿಗದವರಿಗೆ ಅದಕ್ಕಿಂತ ಸಲೀಸಾದ ಇನ್ನೊಂದು ಷಟರಿಲ್ಲದ ಜಾತಿ ಇದೆ. ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ಮಾಡುವ ಪದ್ಧತಿ ಬಂದ ಮೇಲೆ ಆಫ್‌ಸೆಟ್ ಮುದ್ರಣಾಲಯಗಳ ದೊಡ್ಡ ಪ್ರೋಸೆಸ್ ಕ್ಯಾಮೆರಾಗಳು ಗುಜರಿಗೆ ಬಿದ್ದವು. ಅವುಗಳ ಅಪೊ-ನಿಕ್ಕೋರ್, ಅಪೊ-ರೊನಾರ್ ಮಸೂರಗಳು ಸಾಮಾನ್ಯವಾಗಿ ಎಫ್/9. 300 ಮಿ.ಮೀ.ಯದಕ್ಕೆ ಬಾಯಿ 33 ಮಿ.ಮೀ. ಮಾತ್ರ, 45 ಮಿ.ಮೀ.ಯ ಕೋಪಾಲ್ 3ರ ಮುಂದೆ ಒಂದೇ ಬಳೆಯಿಂದ ಇಡಿಯಾಗಿ ಕೂರುತ್ತವೆ. ಏರೊ-ಎಕ್ಟರಿನ ಆ ಮಸುಕಿನ ಸೊಗಸು ಇವುಗಳಲ್ಲಿಲ್ಲ. ಹತ್ತಿರದ ವಸ್ತುವಿಗೆ ಹೊಂದಿಸಿದ ಮಸೂರವಾದರೂ ಎಫ್/22ಕ್ಕೆ ಇಳಿಸಿದಾಗ ದೂರದ ದೃಶ್ಯವನ್ನೂ ಚೆನ್ನಾಗಿಯೇ ಬಿಡಿಸುತ್ತವೆ.